ಹತ್ತಿ ರಾಶಿಯ ಮೇಲೆ ಹಿಮದ ಹಲಗೆ

ಸುರಪುರದಲ್ಲಾಗಲಿ, ಶಹಾಪುರದಲ್ಲಾಗಲಿ, ಯಾದಗಿರಿಯಲ್ಲಾಗಲಿ ಹಿಮ ಬೀಳುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಸಂಗತಿ ಕೇಳಿದವರೆಲ್ಲ ಕೊನೆಗೆ "ನಿಮ್ಮ ಕಡಿ ಹಿಮ ಎಲ್ಲಿಂದ ಬಂತ್ರಿ?" ಎಂದು ಕೇಳುತ್ತಾರೆ, ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ನಮ್ಮ ಕಡೆ ಬೀಳುವುದು ಬಿಸಿಲು. ಅದು ಬಿದ್ದು ಹೋಗುವುದೂ ಇಲ್ಲ, ಬೀಗರಂತೆ ಬಂದು ಮನೆಯಲ್ಲೇ ಕೂರುತ್ತದೆ.

ನಾನು ಬಸವಂತ್ರಾಯ. ಯಾದಗಿರಿಯ ಒಂದು ಕಚೇರಿಯಲ್ಲಿ ಗುಮಾಸ್ತ. ನನ್ನ ನಿವೃತ್ತಿಗೆ ಇನ್ನೂ ಸ್ವಲ್ಪ ದಿನ ಇದೆ, ನನ್ನ ಮೊಣಕಾಲು ಮಾತ್ರ ಆಗಲೇ ನಿವೃತ್ತಿ ತೆಗೆದುಕೊಂಡಿವೆ. ಮರಿಲಿಂಗಪ್ಪ ಅದೇ ಕಚೇರಿಯಲ್ಲಿ ಪಕ್ಕದ ಕುರ್ಚಿಯವನು, ಸುರಪುರದಲ್ಲಿ ಪಕ್ಕದ ಮನೆಯವನು, ದಿನಾ ಹೋಗಿ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನವನು. ಹೆಂಡತಿಗಿಂತ ಹೆಚ್ಚು ಹೊತ್ತು ಅವನು ನನ್ನ ಜೊತೆ ಇರುತ್ತಾನೆ. ಆ ಉಪಕಾರಕ್ಕಾಗಿ ಅವನ ಹೆಂಡತಿ ದೇವಕಮ್ಮ ಹಬ್ಬ ಬಂದಾಗಲೆಲ್ಲ ನಮ್ಮ ಮನೆಗೆ ಹೋಳಿಗೆ ಕಳಿಸುತ್ತಾಳೆ.

ಮರಿಲಿಂಗಪ್ಪ ಕೆಟ್ಟವನಲ್ಲ. ಲೋಕದಲ್ಲಿ ಕೆಲವು ಪ್ರಶ್ನೆಗಳಿಗೆ "ಗೊತ್ತಿಲ್ಲ" ಎಂಬುದೂ ಒಂದು ಉತ್ತರ ಎನ್ನುವುದು ಅವನಿಗೆ ಗೊತ್ತಿಲ್ಲ, ಅಷ್ಟೆ.

ಹೋದ ವರ್ಷ ಅವನು ಸರ್ಕಾರದ ಪ್ರವಾಸ ರಿಯಾಯಿತಿಯಲ್ಲಿ ಹೆಂಡತಿಯನ್ನು ಕರೆದುಕೊಂಡು ಮನಾಲಿಗೆ ಹೋಗಿದ್ದ. ಅಲ್ಲಿ ಯಾವನೋ ಒಬ್ಬ ಇವನ ಕಾಲಿಗೆ ಎರಡು ಸ್ಕೀ ಕಟ್ಟಿದ. ಸ್ಕೀ ಎಂದರೆ ಹಿಮದ ಮೇಲೆ ಜಾರಿಕೊಂಡು ಇಳಿಯಲು ಕಾಲಿಗೆ ಹಾಕುವ ಉದ್ದನೆಯ ಹಲಗೆ. ಕೈಯಲ್ಲಿ ಎರಡು ಕೋಲು ಕೊಟ್ಟ, ಕಣ್ಣಿಗೆ ಕಪ್ಪು ಕನ್ನಡಕ ಹಾಕಿದ, ಫೋಟೊ ತೆಗೆದ. ಆಮೇಲೆ ಏನಾಯಿತು ಎಂಬುದಕ್ಕೆ ಎರಡು ಪಾಠಗಳಿವೆ. ಮರಿಲಿಂಗಪ್ಪನ ಪಾಠದಲ್ಲಿ ಅವನು ಗುಡ್ಡದ ತುದಿಯಿಂದ ಬುಡದ ತನಕ ಗಾಳಿಯ ಹಾಗೆ ಇಳಿದ.

ದೇವಕಮ್ಮನ ಪಾಠ ಸಣ್ಣದು. "ಎಲ್ಲಿ ಇಳದಾರ್ರಿ ಅಣ್ಣಾರ? ಫೋಟೊ ತೆಗೆದ ಕೂಡ್ಲೇ ಹಿಂದಕ್ಕ ಕುಂತ್ರು. ಎಬ್ಬಸಾಕ ಮೂರು ಮಂದಿ ಬೇಕಾದ್ರು. ರಾತ್ರಿ ತನಕ ಬೆನ್ನಿಗಿ ಎಣ್ಣಿ ತಿಕ್ಕೀನಿ."

ಆದರೆ ಫೋಟೊ ದೇವಕಮ್ಮನ ಪಾಠದಂತೆ ಇರಲಿಲ್ಲ. ಮರಿಲಿಂಗಪ್ಪ ಅದನ್ನು ಕಿಟಕಿಯಷ್ಟು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಪಡಸಾಲೆಯಲ್ಲಿ ಬುದ್ಧನ ಪಟದ ಕೆಳಗೆ ತೂಗುಹಾಕಿದ. ಬುದ್ಧ ಕಣ್ಣು ಮುಚ್ಚಿಕೊಂಡಿದ್ದ; ನೋಡುವ ಕಷ್ಟವೆಲ್ಲ ನಮಗೇ ಉಳಿಯಿತು. ಎದುರು ಮನೆಯ ಲಾಲಮ್ಮ ಸಕ್ಕರೆ ಕೇಳಲು ಬಂದವಳು ಫೋಟೊದ ಮುಂದೆ ಬಹಳ ಹೊತ್ತು ನಿಂತಳು.

"ಮರಿಲಿಂಗಪ್ಪಣ್ಣ, ಕಾಲಾಗ ಅದೇನು? ಯಾರದೋ ಬಾಗಲ ಚೌಕಟ್ಟು ಮುರದು ಕಟಗೊಂಡಂಗ ಕಾಣ್ತದಲ್ಲ!"

"ನಿನಗ ತಿಳಿಯಂಗಿಲ್ಲ ಲಾಲವ್ವ. ಅದು ಸ್ಕೀ. ಭಾಳ ವಿದ್ಯಾ ಅದ ಅದರಾಗ."

"ಹೌದಾ? ಹಂಗಾರ ಸಕ್ರಿ ಕೊಡ್ರಿ, ನಾ ಹೋಗ್ತೀನಿ," ಎಂದಳು ಲಾಲಮ್ಮ.

ವಿಷಯ ಅಲ್ಲಿಗೇ ನಿಂತಿದ್ದರೆ ನಾನು ಇವತ್ತು ಆರಾಮ ಇರುತ್ತಿದ್ದೆ. ಆದರೆ ಮರಿಲಿಂಗಪ್ಪನಿಗೆ ಮದುವೆಗೆ ಬಂದ ಮಗಳಿದ್ದಳು. ಯಶೋಧರಾ ಶಹಾಪುರದ ಒಂದು ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಬಂದ ವರಗಳನ್ನೂ ಅದೇ ರೀತಿ ಪರೀಕ್ಷಿಸಿ, "ಅಪ್ಪಾ, ಇಂವ ಸುಳ್ಳು ಭಾಳ ಹೇಳ್ತಾನ" ಎಂದು ಒಂದೇ ಮಾತಿನಲ್ಲಿ ವರದಿ ಕೊಟ್ಟು ಕಳಿಸುತ್ತಿದ್ದಳು. ಸುಳ್ಳು ಅವಳಿಗೆ ಆಗಿ ಬರುತ್ತಿರಲಿಲ್ಲ. ಒಬ್ಬ ಮನುಷ್ಯನ ಸುಳ್ಳನ್ನು ಹುಟ್ಟಿದಾಗಿನಿಂದ ಕೇಳುತ್ತ ಬಂದಿದ್ದಕ್ಕೋ ಏನೋ, ಇನ್ನೊಬ್ಬನದನ್ನು ಕೇಳುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ. ದೇವಕಮ್ಮ ಚಹಾ ಸೋಸುತ್ತ ನಿಟ್ಟುಸಿರು ಬಿಡುತ್ತಿದ್ದಳು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದಿದ್ದಾರೆ ಹಿರಿಯರು. ಈ ಹುಡುಗಿ ಒಂದಕ್ಕೂ ಬಿಡುತ್ತಿರಲಿಲ್ಲ.

ಹೀಗಿರುವಾಗ ಶಹಾಪುರದಿಂದ ಪರಮಣ್ಣ ಬಂದ. ಅವನು ಅಲ್ಲಿನ ಒಂದು ಹತ್ತಿ ಮಿಲ್ಲಿನಲ್ಲಿ ಹಮಾಲರ ಮುಕಾದಮ, ಅಂದರೆ ಮೇಸ್ತ್ರಿ. ಮಗ ಬುದ್ಧಪ್ರಿಯ ಸೈನ್ಯದಲ್ಲಿದ್ದ, ಕಾಶ್ಮೀರದ ಹಿಮದಲ್ಲಿ. ಹುಡುಗನೂ ಹುಡುಗಿಯೂ ಒಬ್ಬರನ್ನೊಬ್ಬರು ಆಗಲೇ ನೋಡಿದ್ದರು, ಫೋನಿನಲ್ಲಿ ಮಾತಾಡುತ್ತಿದ್ದರು. ಯಶೋಧರಾ ಮೊದಲ ಸಲ "ನೋಡೂಣು" ಎಂದಿದ್ದಳು. ಅವಳ ಬಾಯಲ್ಲಿ ಅದು ಹೂವಿನ ಹಾರಕ್ಕೆ ಸಮ.

ಪರಮಣ್ಣನಿಗೆ ಒಂದೇ ಚಿಂತೆ, ಅಡುಗೆಯವನದು. ಹಿರಿಮಗಳ ಮದುವೆಯಲ್ಲಿ ಅಡುಗೆಯವನು ಕುಡಿದು ಮಲಗಿ, ಗೋಧಿ ಹುಗ್ಗಿ ತಳ ಹಿಡಿದು, ಊರೆಲ್ಲ ಸೀದ ವಾಸನೆ ಹರಡಿತ್ತಂತೆ. ಆ ಮಗಳಿಗೆ ಈಗ ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಜನ ಇನ್ನೂ ಹುಗ್ಗಿಯನ್ನು ಮರೆತಿಲ್ಲ. "ಹೆಣ್ಣು ಸಿಗ್ತಾವ್ರಿ, ಅಡಗಿಯವ ಸಿಗಂಗಿಲ್ಲ. ಯಾದಗಿರಿ ಹುಡುಕಿದೆ, ಕೊಡೇಕಲ್ ಹುಡುಕಿದೆ, ಅಬ್ಬೆತುಮಕೂರಿಗಿ ಹೋಗಿ ಬಂದೆ. ಚಪ್ಪಲಿ ಸವದ್ವು," ಎನ್ನುತ್ತ ಪಡಸಾಲೆಗೆ ಕಾಲಿಟ್ಟವನು ಫೋಟೊ ನೋಡಿ ಗಕ್ಕನೆ ನಿಂತ.

"ಬೀಗ್ರೇ! ಇದು ನೀವ?"

"ನಾನ," ಎಂದ ಮರಿಲಿಂಗಪ್ಪ, ಬಹಳ ವಿನಯದಿಂದ. ಅವನ ವಿನಯ ಕಂಡಾಗ ನನಗೆ ಭಯವಾಗುತ್ತದೆ.

"ಅಯ್ಯಯ್ಯೋ! ನಮ್ಮ ಬುದ್ಧಪ್ರಿಯ ಸೈನ್ಯದಾಗ ಇದನ್ನ ಕಲಸ್ತಾನ್ರೀ!"

ಮರಿಲಿಂಗಪ್ಪನ ಮುಖದಲ್ಲಿದ್ದ ರಕ್ತ ಎಲ್ಲಿ ಹೋಯಿತೋ. ಪರಮಣ್ಣ ಅದನ್ನು ನೋಡಲಿಲ್ಲ. ಅವನ ಕಣ್ಣು ತುಂಬಿಕೊಂಡಿದ್ದವು.

"ನನ್ನ ಮಗ ಏನು ಕೆಲಸ ಮಾಡ್ತಾನ ಅಂತ ಹೇಳಿದ್ರ ಮಿಲ್ಲಿನಾಗ ಎಲ್ಲಾರೂ ನಗ್ತಾರ ಬೀಗ್ರೇ. 'ಜಾರೂದು ಕಲಸಾಕ ಸರ್ಕಾರ ಪಗಾರ ಕೊಡ್ತದೇನು? ನಮ್ಮ ಬಚ್ಚಲಿಗಿ ಬರಾಕ ಹೇಳು, ಪುಕ್ಕಟ ಜಾರತಾನ' ಅಂತಾರ. ನಾ ಏನು ಹೇಳ್ಲಿ? ನನಗೂ ಅದು ತಿಳಿಯಂಗಿಲ್ಲ. ಇವತ್ತ ತಿಳದಾಂವ ಒಬ್ಬ ಸಿಕ್ಕಾನ. ನನಗ ಇನ್ನ ಬ್ಯಾರೆ ಏನೂ ನೋಡೂದಿಲ್ರಿ!"

ಹೀಗೆ ಮಗಳ ಜಾತಕವನ್ನಾಗಲಿ, ನಡತೆಯನ್ನಾಗಲಿ ಯಾರೂ ಕೇಳಲಿಲ್ಲ. ಮನಾಲಿಯಲ್ಲಿ ಹಿಂದಕ್ಕೆ ಕೂತ ಒಬ್ಬ ಗುಮಾಸ್ತನ ಮೇಲೆ ಸಂಬಂಧ ನಿಂತಿತು. ಆ ಫೋಟೊ ಸುಳ್ಳೆಂದು ಗೊತ್ತಾದರೆ ಸಂಬಂಧವೂ ಹಿಂದಕ್ಕೆ ಕೂರುತ್ತದೆಂಬುದು ಮರಿಲಿಂಗಪ್ಪನಿಗೂ ಗೊತ್ತಿತ್ತು. ಬಾಯಲ್ಲಿ ಬಿಸಿ ತುಪ್ಪ; ನುಂಗುವಂತಿಲ್ಲ, ಉಗುಳುವಂತಿಲ್ಲ.

ಪರಮಣ್ಣ ಆಗಲೇ ಮಗನಿಗೆ ವಿಡಿಯೊ ಕರೆ ಮಾಡಿದ್ದ. ಪರದೆಯಲ್ಲಿ ಬಿಳಿ ಬೆಟ್ಟ, ಅದರ ಮುಂದೆ ಟೊಪ್ಪಿಗೆ ಹಾಕಿದ ಹುಡುಗ.

"ಮಾವಾರ ಜೋಡಿ ಮಾತಾಡು! ಅವರೂ ನಿನ್ನ ಕಸಬಿನವರ. ನಿಮ್ಮ ವಿದ್ಯಾದಾಗಿಂದು ಏನರ ಕೇಳು, ನಾವೂ ಕೇಳ್ತೀವಿ!"

ಹುಡುಗನ ಮುಖ ಹಲ್ಲುನೋವು ಬಂದವನ ಹಾಗಾಯಿತು. ಆಗ ನಾನು ಅದನ್ನು ಸಂಕೋಚ ಎಂದುಕೊಂಡೆ. ಅವನು ಅತ್ತಿತ್ತ ನೋಡಿ, ಗಂಟಲು ಸರಿಮಾಡಿಕೊಂಡು ಕೇಳಿದ: "ಮಾವಾರ, ಇಲ್ಲಿ ಎರಡು ಜೋಡಿ ಸ್ಕೀ ಅವರಿ. ಎರಡೂ ಗುಡ್ಡದಾಗ ಎಲ್ಲಾ ನಮೂನಿ ಹಿಮಕ್ಕ ನಡೀತಾವ ಅಂತಾರ. ಒಂದು ನೀಲಿದು, ಸಪೂರ, ಬಿರುಸು, ತೂಕ ಭಾಳ. ಇನ್ನೊಂದು ಕೆಂಪಂದು, ನಡು ಅಗಲ, ಹಗುರ, ಮೂತಿ ಜರಾ ಮ್ಯಾಲ ಎತ್ಯಾದ. ಯಾವುದು ಚಲೋ ಅಂತ ಇಲ್ಲಿ ದಿನಾ ಜಗಳ ನಡೀತದರಿ. ನೀವು ಏನಂತೀರಿ?"

ಮರಿಲಿಂಗಪ್ಪ ನನ್ನ ಕಡೆ ನೋಡಿದ. ನಾನು ಫ್ಯಾನಿನ ಕಡೆ ನೋಡಿದೆ. ದೇವಕಮ್ಮ ಸೆರಗು ಬಾಯಿಗೆ ಇಟ್ಟುಕೊಂಡಳು. ಇನ್ನೇನು "ಗೊತ್ತಿಲ್ಲ" ಎನ್ನುತ್ತಾನೆ, ಎಲ್ಲ ಮುಗಿಯುತ್ತದೆ, ಮನೆಗೆ ಹೋಗಿ ಮಲಗಬಹುದು ಎಂದುಕೊಂಡೆ. ಆದರೆ ಅವನು ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಹಾಕಿ ಶುರುಮಾಡಿಯೇ ಬಿಟ್ಟ.

"ನೋಡಪಾ, ನೀಲಿದು ಮಡ್ಡಿಗಿ ಬರ್ತದ. ನೆಲ ಬಿರುಸಿದ್ದಲ್ಲಿ ಕಾಲು ಕಚ್ಚಿ ಹಿಡೀತದ. ಎಷ್ಟು ಓಡಿಸಿದ್ರೂ ತಲಿ ಅಲ್ಲಾಡಸಂಗಿಲ್ಲ, ಗೀಟು ಹೊಡದಂಗ ಹೋಗ್ತದ. ಆದ್ರ ಅದನ್ನ ತಿರುಗಸಾಕ ಮೈಯಾಗ ಕಸುವು ಬೇಕು. ಮಾಲಕ ಜರಾ ಮೈಮರತ ಅಂದ್ರ ಅವನ್ನ ಎಳಕೊಂಡು ಹೋಗ್ತದ. ಕೆಂಪಂದು ಹಂಗಲ್ಲ. ಅದು ಹಸಿ ಎರಿಗಿ. ನೆಲ ಎಷ್ಟು ಮೆತ್ತಗಿದ್ರೂ ಹೂತು ಬೀಳಂಗಿಲ್ಲ, ಮ್ಯಾಲೇ ತೇಲತದ. ಬದುವಿಗಿ ಬಂದಾಗ ಸನ್ನಿ ಮಾಡಿದ್ರ ಸಾಕು, ತಿರುಗಿ ನಿಂದರತದ. ಆದ್ರ ಅದನ್ನ ಮಡ್ಡಿ ಮ್ಯಾಲ ಓಡಿಸಬ್ಯಾಡ. ಗಡಗಡ ನಡಗತದ."

"ಹಿಮದಾಗ ಎರಿ ಅಂದ್ರ ರಿ?" ಎಂದ ಹುಡುಗ.

"ಹೊಸಾ ಹಿಮ ಅಂತ ತಿಳಕೋ. ಮಡ್ಡಿ ಅಂದ್ರ ಹಳೇ ಗಟ್ಟಿ ಹಿಮ. ಈಗ ನೀ ಹೇಳು, ನಿಂದು ಹೊಲ ಎಂಥಾದ್ದದ?"

"ಹೊಲ ರಿ?"

"ಗುಡ್ಡ, ಗುಡ್ಡ," ಎಂದು ತಿದ್ದಿಕೊಂಡ ಮರಿಲಿಂಗಪ್ಪ.

ನಮ್ಮ ಕಡೆ ಎರಿ ಎಂದರೆ ಮೆತ್ತನೆಯ ಕಪ್ಪು ನೆಲ, ಮಡ್ಡಿ ಎಂದರೆ ಗಟ್ಟಿ ಕಲ್ಲುನೆಲ; ಆದರೂ ಪರಮಣ್ಣ ಚಪ್ಪಾಳೆ ತಟ್ಟಿದ. ಬೀಗರನ್ನು ಬಸ್ಸು ಹತ್ತಿಸಿ ಬರುವಾಗ ನಾನು ಕೇಳಿದೆ, "ಅದು ನಿಮ್ಮಪ್ಪ ಸಂತ್ಯಾಗ ಎತ್ತು ನೋಡುವಾಗ ಹೇಳ್ತಿದ್ದ ಮಾತಲ್ಲೇನೋ?"

"ಹೌದಣ್ಣ," ಎಂದ ಅವನು ನಿರಾತಂಕವಾಗಿ. "ನಾಕು ಕಾಲಿಂದು ತಿಳದಾಂವಗ ಎರಡು ಕಾಲಿಂದು ತಿಳಿಯಂಗಿಲ್ಲೇನು?"

ಆ ವಾರದೊಳಗೆ ಪರಮಣ್ಣನ ಫೋನು ಬಂತು. ಬುದ್ಧಪ್ರಿಯ ಆ ಮಾತನ್ನು ಊಟದ ಹೊತ್ತಿನಲ್ಲಿ ಸಾಹೇಬರ ಮುಂದೆ ಹೇಳಿದನಂತೆ. ಸಾಹೇಬರು ಕೈಯಲ್ಲಿದ್ದ ತುತ್ತು ಕೈಯಲ್ಲೇ ಬಿಟ್ಟು ಕೇಳಿದರಂತೆ. "ಖರೇ ಮಾತು, ಇದನ್ನ ಯಾರು ಹೇಳಿದ್ರು?" ಎಂದರಂತೆ. ಸುರಪುರದ ಎತ್ತಿನ ಸಂತೆಯ ಬುದ್ಧಿ ಕಾಶ್ಮೀರದ ಹಿಮದಲ್ಲಿ ಗೆದ್ದಿತ್ತು. ನನಗೆ ಸಂತೋಷವಾಗಬೇಕಿತ್ತು. ಆದರೆ ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ, ಮತ್ತು ಆ ಕೊಡೆಯ ಕೆಳಗೆ ದಿನಾ ನಾನೇ ಕೂರಬೇಕಿತ್ತು.

ಕಚೇರಿಯಲ್ಲಿ ಅವನು ಹೋಲಿಕೆಯ ಪಂಡಿತನಾದ. ಒಬ್ಬ ಎರಡು ಬೈಕಿನ ಚಿತ್ರ ತಂದು ಯಾವುದು ಚಲೋ ಎಂದು ಕೇಳಿದ. ಇನ್ನೊಬ್ಬ ಎರಡು ಕೂಲರ್. ಕೊನೆಗೆ ನಮ್ಮ ಸಾಹೇಬರೇ ಕರೆದು, ಮನೆಗೆ ನೀರಿನ ಫಿಲ್ಟರ್ ತರಬೇಕು, ಎರಡರಲ್ಲಿ ಯಾವುದು ಎಂದು ಕೇಳಿದರು.

"ನಿಮ್ಮ ನೀರು ಎರಿಯೋ ಮಡ್ಡಿಯೋ ಸರ್?" ಎಂದ ಮರಿಲಿಂಗಪ್ಪ.

ಸಾಹೇಬರು ದಕ್ಷಿಣದ ಕಡೆಯವರು. ಬಹಳ ಹೊತ್ತು ಯೋಚಿಸಿ, "ಮಡ್ಡಿ ಅನ್ಸುತ್ತೆ ಮರಿಲಿಂಗಪ್ಪನವರೇ," ಎಂದರು.

ಜನವರಿಯಲ್ಲಿ ನಿಶ್ಚಯದ ದಿನ ಗೊತ್ತಾಯಿತು. ಹುಡುಗ ರಜೆಯ ಮೇಲೆ ಬಂದ. ಯಾದಗಿರಿ ಸ್ಟೇಷನ್ನಿಗೆ ಅವನನ್ನು ಕರೆತರಲು ಮರಿಲಿಂಗಪ್ಪ ಹೊರಟ. ಅವನು ಹೊರಟ ಎಂದರೆ ನಾನೂ ಹೊರಟೆ ಎಂದೇ ಅರ್ಥ. ರೈಲಿನಿಂದ ಬುದ್ಧಪ್ರಿಯ ಇಳಿದ. ಎತ್ತರದ ಹುಡುಗ, ಮೆತ್ತನೆಯ ಮಾತು. ಅವನ ಹಿಂದೆ ಗೋಣಿಚೀಲ ಸುತ್ತಿದ, ಆಳಿಗಿಂತ ಉದ್ದದ ಒಂದು ಕಟ್ಟು ಇಳಿಯಿತು.

"ಎರಡೂ ಜೋಡಿ ತಂದೀನ್ರಿ ಮಾವಾರ. ಅಪ್ಪ ತರಲೇಬೇಕು ಅಂದ. ನೀವು ಖುದ್ದ ಕಾಲಿಗಿ ಹಾಕ್ಕೊಂಡು ಹೇಳಿದ್ರ ನನಗೂ ಕಲತಂಗ ಆಗ್ತದ."

ಮರಿಲಿಂಗಪ್ಪ ನಕ್ಕ. ಆ ನಗು ಸ್ಟೇಷನ್ ದಾಟುವ ತನಕ ಅವನ ಮುಖದಲ್ಲಿ ಹಾಗೆಯೇ ಅಂಟಿಕೊಂಡಿತ್ತು.

ಶಹಾಪುರದ ಬಸ್ಸಿನಲ್ಲಿ ಆ ಕಟ್ಟು ಡ್ರೈವರನ ಬೆನ್ನಿನಿಂದ ನಡುಬಾಗಿಲ ತನಕ ಮಲಗಿತು. ಹತ್ತುವವರು ದಾಟಿ ಹತ್ತಿದರು, ಇಳಿಯುವವರು ಎಡವಿ ಇಳಿದರು. ಕಂಡಕ್ಟರ್ "ಇದಕ್ಕ ಫುಲ್ ಟಿಕೇಟ್ ಆಗ್ತದ, ಮಲಗಿ ಹೊಂಟಾದ" ಎಂದ. ಒಬ್ಬ ಮುದುಕಿ ಕಟ್ಟಿನ ಉದ್ದ ನೋಡಿ, ನನ್ನ ಮುಖ ನೋಡಿ, ತಲೆಯ ಮೇಲೆ ಸೆರಗು ಎಳೆದುಕೊಂಡು ಮೆಲ್ಲಗೆ ಕೇಳಿದಳು: "ಯಾರು ತೀರಕೊಂಡಾರಪ್ಪಾ?"

"ಇನ್ನೂ ಯಾರೂ ಇಲ್ಲವ್ವ," ಎಂದೆ ನಾನು.

ಶಹಾಪುರದಲ್ಲಿ ಇಳಿದರೆ ಪರಮಣ್ಣ ನಮ್ಮನ್ನು ಮನೆಗೆ ಕರೆದೊಯ್ಯಲಿಲ್ಲ. ಹೊಸ ಬಿಳಿ ಅಂಗಿ ಹಾಕಿ ನಿಂತಿದ್ದವನು ನೇರ ಮಿಲ್ಲಿಗೆ ಕರೆದೊಯ್ದ. ಗೇಟು ದಾಟಿದ ಕೂಡಲೇ ನಮಗೆ ಕಂಡದ್ದು ಹತ್ತಿಯ ರಾಶಿ. ಹಂಗಾಮಿನ ದಿನಗಳು, ಸುತ್ತಲಿನ ಊರುಗಳ ಹತ್ತಿಯೆಲ್ಲ ಬಂದು ಬಿದ್ದು, ಮಿಲ್ಲಿನ ತಗಡಿನ ಚಾವಣಿಗಿಂತ ಎತ್ತರ ಬೆಳೆದಿತ್ತು. ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. ರಾಶಿಯ ಬುಡದಲ್ಲಿ ಕೆಲಸ ಬಿಟ್ಟ ಹಮಾಲರು, ಅವರ ಹೆಂಡಿರು, ಒಂದು ಕಡೆ ಚಹಾದ ಕಿಟ್ಲಿ ಹಿಡಿದ ದೇವಕಮ್ಮ, ಅವಳ ಪಕ್ಕ ಕೈಕಟ್ಟಿ ನಿಂತ ಯಶೋಧರಾ.

"ಹಿಮ ಇಲ್ಲಂತ ಯಾಕ ಫಿಕರ್ ಮಾಡ್ತೀರಿ ಬೀಗ್ರೇ? ನೋಡ್ರಿ, ನಮ್ಮಲ್ಲೇ ಅದ!" ಎಂದು ಪರಮಣ್ಣ ಎರಡೂ ಕೈ ಚಾಚಿದ. "ನಾಳೆ ನಿಶ್ಚಯ. ಇವತ್ತ ಮಾವ-ಅಳಿಯ ಇಬ್ಬರೂ ಇಳದು ತೋರಸ್ರಿ. ಇಷ್ಟು ದಿನ ನಕ್ಕವರೆಲ್ಲಾ ಇಲ್ಲೇ ನಿಂತಾರ. ಅವರ ಬಾಯಿ ಮುಚ್ಚಲಿ."

ಕಾವಲುಗಾರ ಅಕ್ರಮ್ ಓಡಿಬಂದ. "ಮುಕಾದಮ್ ಸಾಬ್, ಸೇಠ್‌ಗಿ ಗೊತ್ತಾದ್ರ ನನ್ನ ನೌಕರಿ ಹೋಗ್ತದ!"

"ಬೋರ್ಡಿನಾಗ ಏನು ಬರದಾದ?"

"ಬೀಡಿ ಸೇದಬಾರದು ಅಂತ ಬರದಾದ."

"ಇವರು ಸೇದಾಕತ್ತಾರೇನು?"

ಅಕ್ರಮ್ ಇಬ್ಬರ ಬಾಯಿಯನ್ನೂ ನೋಡಿದ. ಸೇದುತ್ತಿರಲಿಲ್ಲ. ಕಾನೂನು ಅಲ್ಲಿಗೆ ಮುಗಿಯಿತು.

ಸ್ಕೀ ಹಾಕಲು ಅದಕ್ಕೆಂದೇ ಗಟ್ಟಿ ಬೂಟು ಬೇಕಂತೆ. ಬೂಟು ಇರಲಿಲ್ಲ. ಪರಮಣ್ಣ ಹತ್ತಿಯ ಮೂಟೆ ಕಟ್ಟುವ ಹಗ್ಗ ತರಿಸಿದ. ಮರಿಲಿಂಗಪ್ಪನ ಕಚೇರಿಯ ಚಪ್ಪಲಿಯ ಮೇಲೆ ನೀಲಿ ಜೋಡಿ, ಹುಡುಗನ ಕ್ಯಾನ್ವಾಸ್ ಬೂಟಿನ ಮೇಲೆ ಕೆಂಪು ಜೋಡಿ ಕಟ್ಟುವುದೆಂದಾಯಿತು. ಇದು ಸರಿಯಲ್ಲ ಎಂದು ಇಬ್ಬರು ಪಂಡಿತರಲ್ಲಿ ಒಬ್ಬನಾದರೂ ಹೇಳಬೇಕಿತ್ತು. ಇವನು ಅವನ ಮುಖ ನೋಡಿದ, ಅವನು ಇವನ ಮುಖ ನೋಡಿದ, ಇಬ್ಬರೂ ತಲೆಯಾಡಿಸಿದರು. ಏಣಿ ಇಟ್ಟು ಇಬ್ಬರನ್ನೂ ರಾಶಿಯ ಮೇಲೆ ಹತ್ತಿಸಲಾಯಿತು. ಕೋಲಿನ ಬದಲು ನಾಲ್ಕು ಬಿದಿರು ಬೇಕಾದವು. ಬಿದಿರು ಹೊತ್ತು ಹತ್ತುವವನು ಬೇಕಾದ. ಯಾರು ಎಂದು ನಾನು ಹೇಳಬೇಕಾಗಿಲ್ಲ.

ಮೇಲೆ ಹೋಗಿ ಹಮಾಲರಿಬ್ಬರು ಹಲಗೆ ಕಟ್ಟಿ ಇಳಿದರು. ಹಲಗೆಯ ಮೇಲಿದ್ದ ಮಾವ-ಅಳಿಯ ಹತ್ತಿಯ ಮೇಲೆ ಆರಾಮ ನಿಂತಿದ್ದರು. ಹಲಗೆ ಇಲ್ಲದ ನಾನು ತೊಡೆಯ ತನಕ ಹೂತಿದ್ದೆ. ಅಗಲ ಇದ್ದದ್ದು ಮೆತ್ತನೆಯ ನೆಲದಲ್ಲಿ ತೇಲುತ್ತದೆ ಎಂಬ ಮರಿಲಿಂಗಪ್ಪನ ಮಾತಿನಲ್ಲಿ ಸತ್ಯ ಇದೆ ಎಂದು ಆಗ ಗೊತ್ತಾಯಿತು. ಹುಡುಗನ ಕೆಂಪು ಹಲಗೆ ಮೇಲೆಯೇ ಇತ್ತು. ಮರಿಲಿಂಗಪ್ಪನ ನೀಲಿ ಹಲಗೆಯ ಮೂತಿ ಆಗಲೇ ಒಳಗೆ ಇಳಿಯುತ್ತಿತ್ತು. ಈ ಹೋಲಿಕೆಯನ್ನು ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

"ಇಳೀರಿ ಬೀಗ್ರೇ!" ಎಂದು ಕೆಳಗಿನಿಂದ ಪರಮಣ್ಣ ಕೂಗಿದ.

"ನೀವು ಮೊದಲ ಇಳೀರಿ ಮಾವಾರ," ಎಂದ ಹುಡುಗ.

"ಇಲ್ಲಪಾ, ಕಲಸಾಂವ ನೀನು. ನೀ ಮೊದಲು."

"ಹಿರಿಯರು ಮೊದಲು ರಿ."

"ಸರ್ಕಾರದ ಪಗಾರ ಇದಕ್ಕ ತಗೊಳ್ಳಾಂವ ನೀನು."

"ಯಾರರ ಒಬ್ಬರು ಇಳೀರೋ ಮಾರಾಯ್ರಾ," ಎಂದೆ ನಾನು. "ನಾ ಒಳಗ ಹೊಂಟೀನಿ."

ಹುಡುಗ ಕೆಳಗೆ ನೋಡಿದ. "ಖರೇ ಹೇಳ್ತೀನ್ರಿ ಮಾವಾರ. ನನಗ ಬರಂಗಿಲ್ಲ. ನಾ ಅಲ್ಲಿ ಲಂಗರದಾಗ ಅಡಗಿ ಮಾಡಾಂವ. ಸಾಹೇಬರ ಸ್ಕೀ ಹಿಡಕೊಂಡು ಒಮ್ಮೆ ಫೋಟೊ ತೆಗಸಿ ಮನಿಗಿ ಕಳಸಿದೆ. ಅಪ್ಪ ತಾನ ತಿಳಕೊಂಡ, ಊರಿಗೆಲ್ಲಾ ಹೇಳಿದ. ನನಗ ಬಾಯಿ ಬರಲಿಲ್ಲ. ಅವತ್ತ ಫೋನಿನಾಗ ಕೇಳಿದ್ದು ನಾ ಬಡಸುವಾಗ ಕಿವಿಗಿ ಬಿದ್ದ ಜಗಳರಿ. ಈ ಹಲಗಿನೂ ಸ್ಟೋರಿನಾಗ ಹಳೇವು ಅಂತ ಒಗದಿದ್ವು. ಸಾಹೇಬರು ತಗೊಂಡು ಹೋಗಂದ್ರು."

ಮರಿಲಿಂಗಪ್ಪ ಕೆಂಡವಾದ. "ಅಂದ್ರ ನಮಗ ಸುಳ್ಳು ಹೇಳಿದಿ? ಫೋಟೊ ತೋರಸಿ ಮೋಸ ಮಾಡಿದಿ? ಇಂಥಾ ಮನಿಗಿ ನಾ ಮಗಳ್ನ ಹೆಂಗ ಕೊಡ್ಲಿ?"

"ಮರಿಲಿಂಗಪ್ಪ," ಎಂದೆ ನಾನು, "ಕಾಲ ಕೆಳಗ ನೋಡಿಕೊಂಡು ಮಾತಾಡು."

ಅವನು ನೋಡಿಕೊಂಡ. ನೀಲಿ ಹಲಗೆ, ಹಗ್ಗ, ಕಚೇರಿಯ ಚಪ್ಪಲಿ. ಸಿಟ್ಟು ನಿಧಾನವಾಗಿ ಇಳಿಯಿತು.

"ಹಂಗಾರ ನಾನೂ ಒಂದು ಮಾತು ಹೇಳ್ತೀನಪಾ," ಎಂದ ಸಣ್ಣ ದನಿಯಲ್ಲಿ. "ಮನಾಲ್ಯಾಗ ನಾ ಇಳದಿಲ್ಲ. ಬಿದ್ದೀನಿ. ನಿನಗ ಹೇಳಿದ್ದು ಎತ್ತಿನ ಮಾತು."

"ಎತ್ತಿಂದರಿ?" ಹುಡುಗ ಬಾಯಿ ತೆರೆದ. "ಸಾಹೇಬರು ಅದನ್ನ ಬರಕೊಂಡಾರ್ರಿ!"

ಆಮೇಲೆ ಹುಡುಗ ಹೇಳಿದ, "ಯಶೋಧರಾಗ ನನ್ನ ಸಂಗತಿ ಗೊತ್ತದರಿ. ನಾನ ಹೇಳೀನಿ. 'ನಿಶ್ಚಯದ ಒಳಗ ನಿಮ್ಮಪ್ಪಗ ಖರೇ ಹೇಳು. ಹೇಳಿದ್ರ ನಾ ಬರ್ತೀನಿ, ಹೇಳದಿದ್ರ ಇಲ್ಲ' ಅಂದಾಳ."

"ಮತ್ತ ನನ್ನ ಸಂಗತಿ ನಿನಗ ಹೇಳಿದ್ದಿಲ್ಲೇನು?"

"ಇಲ್ರಿ. ನಿಮ್ಮ ಬಗ್ಗೆ ಕೇಳಿದಾಗೆಲ್ಲಾ, 'ಅದನ್ನ ನಮ್ಮಪ್ಪನ್ನ ಕೇಳು' ಅಂತಿದ್ಲು."

ಮರಿಲಿಂಗಪ್ಪ ಕೆಳಗೆ ಮಗಳ ಕಡೆ ನೋಡಿದ. ಅವಳು ಅಪ್ಪನನ್ನೇ ನೋಡುತ್ತಿದ್ದಳು. ಅಪ್ಪನ ಮಾನವನ್ನು ಇಷ್ಟು ದಿನ ಬಾಯಿ ಬಿಗಿಹಿಡಿದು ಕಾಯ್ದ ಹುಡುಗಿ. ನಾನು ಕಣ್ಣು ಒರೆಸಿಕೊಂಡೆ. ಸ್ವಲ್ಪ ಹತ್ತಿಯೂ ಹೋಗಿತ್ತು.

"ಈಗ ಇಳದು ಹೇಳಿಬಿಡು," ಎಂದ ಮರಿಲಿಂಗಪ್ಪ.

"ಹೆಂಗ ಹೇಳ್ಲಿ ಮಾವಾರ? ಅಪ್ಪನ ಮಾರಿ ನೋಡ್ರಿ."

ಪರಮಣ್ಣ ಸೊಂಟದ ಮೇಲೆ ಕೈಯಿಟ್ಟು, ಹಮಾಲರ ನಡುವೆ ಎದೆ ಸೆಟೆದು ನಿಂತಿದ್ದ. ಒಬ್ಬೊಬ್ಬರ ಭುಜ ಹಿಡಿದು ಮೇಲೆ ತೋರಿಸುತ್ತಿದ್ದ. ಇಷ್ಟು ವರ್ಷ ಬಚ್ಚಲಿನ ಮಾತು ಕೇಳಿದ ಮನುಷ್ಯ. ಆ ಮುಖಕ್ಕೆ ಸತ್ಯ ಹೇಳುವುದು ನನ್ನಿಂದಲೂ ಆಗುತ್ತಿರಲಿಲ್ಲ.

ಮೊದಲು ಹಗ್ಗ ಬಿಚ್ಚೋಣ ಎಂದು ಮರಿಲಿಂಗಪ್ಪ ಬಗ್ಗಿದ. ಅವನು ಬಗ್ಗಿದ್ದಕ್ಕೆ ರಾಶಿಯ ಅಂಚು ಕುಸಿಯಿತು. ಅವನು ಹುಡುಗನ ಅಂಗಿ ಹಿಡಿದ, ಹುಡುಗ ನನ್ನ ಕುತ್ತಿಗೆ ಹಿಡಿದ. ಹಿಡಿಯಲು ನನಗೆ ಏನೂ ಉಳಿದಿರಲಿಲ್ಲ. ಮೂವರೂ, ನಾಲ್ಕು ಬಿದಿರೂ, ಅರ್ಧ ತಾಲೂಕಿನ ಹತ್ತಿಯೂ ಒಟ್ಟಿಗೆ ಹೊರಟು, ಧೊಪ್ಪೆಂದು ಪರಮಣ್ಣನ ಕಾಲ ಬುಡಕ್ಕೆ ಬಂದು ಬಿದ್ದೆವು.

ಜನ ಶಿಳ್ಳೆ ಹೊಡೆದರು. ಸ್ಕೀ ಎಂದರೆ ಇದೇ ಎಂದುಕೊಂಡಿರಬೇಕು. ಅಕ್ರಮ್ ತಲೆಯ ಮೇಲೆ ಕೈಹೊತ್ತು ಕೂತ. ಪರಮಣ್ಣ ಹತ್ತಿಯಲ್ಲಿ ಕೈಹಾಕಿ ಹುಡುಕಿ ಬೀಗನನ್ನು ಎಳೆದ.

"ಶಾಬ್ಬಾಸ್ ಬೀಗ್ರೇ! ಈಗ ಹೇಳ್ರಿ ಎಲ್ಲಾರ ಮುಂದ. ನೀಲಿದು ಚಲೋನೋ, ಕೆಂಪಂದು ಚಲೋನೋ?"

ಮರಿಲಿಂಗಪ್ಪ ಬಾಯಿಂದ ಹತ್ತಿ ಉಗುಳಿದ. ಮಗಳ ಕಡೆ ನೋಡಿದ. ಅವನ ತುಟಿ ಎರಡು ಸಲ 'ಎರಿ' ಎನ್ನಲು ತೆರೆದು ಮುಚ್ಚಿಕೊಂಡವು. ಆಮೇಲೆ ನಾನು ಅವನ ಜೊತೆ ಇಷ್ಟು ವರ್ಷ ಕೂತು ಎಂದೂ ಕೇಳದ ಮಾತು ಕೇಳಿದೆ.

"ಗೊತ್ತಿಲ್ರಿ."

"ಏನಂದ್ರಿ?"

"ನನಗ ಗೊತ್ತಿಲ್ರಿ ಬೀಗ್ರೇ. ಆ ಫೋಟೊ ಸುಳ್ಳು. ನನಗ ಇದು ಬರಂಗಿಲ್ಲ. ಮಗಳು ಮಾತ್ರ ಖರೇ ಅದಾಳ, ಆಕಿನ್ನ ನನ್ನ ಸಂಗಟ ತೂಗಬ್ಯಾಡ್ರಿ."

ಶಿಳ್ಳೆ ನಿಂತಿತು. ಹುಡುಗ ಎದ್ದು ನಿಂತ. ಒಂದು ಕಾಲಲ್ಲಿ ಇನ್ನೂ ಕೆಂಪು ಹಲಗೆ ಇತ್ತು. "ನನಗೂ ಬರಂಗಿಲ್ಲಪ್ಪಾ. ನಾ ಯಾರಿಗೂ ಕಲಸಂಗಿಲ್ಲ. ಲಂಗರದಾಗ ಅಡಗಿ ಮಾಡ್ತೀನಿ."

ಹಿಂದೆ ಒಬ್ಬ ಹಮಾಲ ಕಿಸಕ್ಕೆಂದ. ಪರಮಣ್ಣ ತಿರುಗಿ ನೋಡಿದ ನೋಟಕ್ಕೆ ಅವನ ನಗು ಗಂಟಲಲ್ಲೇ ಸತ್ತಿತು. ಪರಮಣ್ಣ ಮಗನ ಕಡೆ ತಿರುಗಿದ. ಅವನ ಮುಖ ಕೆಂಪಾಯಿತು, ಬಿಳುಪಾಯಿತು. ದೇವಕಮ್ಮ ಕಿಟ್ಲಿಯನ್ನು ಎದೆಗೆ ಅವಚಿಕೊಂಡಳು.

"ಅಡಗಿ?" ಎಂದ ಪರಮಣ್ಣ.

"ಹೌದಪ್ಪಾ."

"ಎಷ್ಟು ಮಂದಿಗಿ?"

"ಪೂರಾ ಪಲ್ಟಣಿಗಿ."

ಪರಮಣ್ಣ ಒಂದು ಹೆಜ್ಜೆ ಮುಂದೆ ಬಂದ. ಹೊಡೆಯುತ್ತಾನೆ ಎಂದುಕೊಂಡೆವು. ಅವನು ಮಗನ ಕಿವಿಯ ಹತ್ತಿರ ಬಾಯಿ ತಂದು, ಆದರೂ ಎಲ್ಲರಿಗೂ ಕೇಳುವಂತೆ ಕೇಳಿದ: "ಹುಗ್ಗಿ ಬರ್ತದ?"

"ಬರ್ತದ."

"ತಳ ಹಿಡಿಯಂಗಿಲ್ಲ?"

"ಅಲ್ಲಿ ಹಿಮದಾಗ ಒಲಿ ಹೊತ್ತಸೂದ ಕಠಿಣಪ್ಪಾ. ಅದನ್ನ ಹೊತ್ತಿಸಿ ಕಾಯ್ದಾಂವಗ ಹುಗ್ಗಿ ಯಾಕ ತಳ ಹಿಡೀತದ?"

ಪರಮಣ್ಣ ಅಲ್ಲೇ ಹತ್ತಿಯ ಮೇಲೆ ಕುಕ್ಕರಿಸಿದ. ಕಾಲಿನ ಚಪ್ಪಲಿ ಬಿಚ್ಚಿ, ತಳ ಮೇಲೆ ಮಾಡಿ, ಮಗನ ಮುಖಕ್ಕೆ ಹಿಡಿದ. ಅಂಗಾಲಿನ ಜಾಗದಲ್ಲಿ ತೂತು ಬಿದ್ದು ಬಿಸಿಲು ಕಾಣುತ್ತಿತ್ತು.

"ನೋಡೋ! ಅಡಗಿಯವನ್ನ ಹುಡುಕಿ ಹುಡುಕಿ ಎಂಥಾ ಗತಿ ಬಂದಾದ ನೋಡು! ಮನ್ಯಾಗ ಇಟಗೊಂಡು ಊರೂರು ತಿರುಗೀನಲ್ಲೋ! ಮೊದಲ ಹೇಳಬಾರದಿತ್ತೇನೋ ನನ್ನಪ್ಪಾ!"

ಹೇಳುತ್ತ ಹೇಳುತ್ತ ಅವನು ಅಳುತ್ತಿದ್ದನೋ ನಗುತ್ತಿದ್ದನೋ ಗೊತ್ತಾಗಲಿಲ್ಲ. ಯಶೋಧರಾ ಬಂದು ಚಹಾದ ಲೋಟ ಮೊದಲು ಅವನ ಕೈಗೆ ಕೊಟ್ಟಳು, ಆಮೇಲೆ ಹುಡುಗನಿಗೆ. ಅಪ್ಪನ ಹತ್ತಿರ ಬಂದಾಗ ಲೋಟ ಕೊಟ್ಟು, ಅವನ ತಲೆಯಲ್ಲಿದ್ದ ಹತ್ತಿಯನ್ನು ಒಂದೊಂದಾಗಿ ತೆಗೆದಳು. "ನಾಳೆ ನಿಶ್ಚಯಕ್ಕ ಜಲ್ದಿ ಬರ್ರಿ ಎಲ್ಲಾರೂ," ಎಂದಳು. ಅಷ್ಟೇ ಮಾತು. ನನಗೆ ಚಹಾ ಉಳಿದಿರಲಿಲ್ಲ.

ಬೇಸಿಗೆಯಲ್ಲಿ ಮದುವೆಯಾಯಿತು. ಮುಹೂರ್ತದ ಹೊತ್ತಿಗೆ ವರ ಕಾಣಲಿಲ್ಲ. ಬಾಸಿಂಗ ಹಿಂದಕ್ಕೆ ಸರಿಸಿಕೊಂಡು ಒಲೆಯ ಮುಂದೆ ಹುಗ್ಗಿ ತಿರುವುತ್ತಿದ್ದ. ಪರಮಣ್ಣ ಪಂಕ್ತಿಯಲ್ಲಿ ಓಡಾಡುತ್ತ, "ಹಿಮದಾಗ ಒಲಿ ಹೊತ್ತಸ್ತಾನ್ರಿ ನನ್ನ ಮಗ! ಯಾರಿಗರ ಬರ್ತದೇನು?" ಎಂದು ಹಮಾಲರ ಎಲೆಗೆ ತಾನೇ ತುಪ್ಪ ಸುರಿಯುತ್ತಿದ್ದ. ಅವರೂ ನಗಲಿಲ್ಲ, ಬಾಯಿ ತುಂಬಿತ್ತು.

ಮರಿಲಿಂಗಪ್ಪನ ಪಡಸಾಲೆಯ ಗೋಡೆಯಲ್ಲಿ ಈಗ ಬುದ್ಧ ಒಬ್ಬನೇ ಇದ್ದಾನೆ. ಹಲಗೆಗಳು ಮಾತ್ರ ಮದುವೆಯ ಸಾಮಾನಿನ ಜೊತೆ ಅವನ ಮನೆಗೇ ಬಂದು ಉಳಿದವು. ಮೊನ್ನೆ ನಾವಿಬ್ಬರೂ ಕಟ್ಟೆಯ ಮೇಲೆ ದಣಿದು ಕೂತಿದ್ದಾಗ ಲಾಲಮ್ಮ ಹಿಟ್ಟಿನ ಪಾತ್ರೆ ಹಿಡಿದು ಬಂದಳು.

"ಮರಿಲಿಂಗಪ್ಪಣ್ಣ, ಆ ಹಲಗಿ ಕೊಡ್ರಿ, ಮಾಳಿಗಿ ಮ್ಯಾಲ ಸಂಡಿಗಿ ಇಡ್ತೀನಿ. ಯಾವುದು ಚಲೋ, ನೀಲಿದೋ ಕೆಂಪಂದೋ?"

ಅವನು ಬಾಯಿ ತೆರೆದ. ಒಳಗಿನಿಂದ ದೇವಕಮ್ಮ ಕೆಮ್ಮಿದಳು.

"ಗೊತ್ತಿಲ್ಲವ್ವ," ಎಂದ.

ನನಗೆ ಬಹಳ ವರ್ಷಗಳ ಭಾರ ಇಳಿದ ಹಾಗಾಯಿತು. ಕಣ್ಣು ಮುಚ್ಚಿ ಗೋಡೆಗೆ ಒರಗಿದೆ. ಲಾಲಮ್ಮ ಎರಡೂ ಜೋಡಿ ಹೊತ್ತುಕೊಂಡು ಹೋದ ಮೇಲೆ ಅವನು ನನ್ನ ಹತ್ತಿರ ಸರಿದು, ದನಿ ತಗ್ಗಿಸಿದ.

"ಆದ್ರ ಬಸವಂತಣ್ಣ, ಖರೇ ಅಂದ್ರ ಹಿಟ್ಟು ಎರಿಯೋ ಮಡ್ಡಿಯೋ ಅಂಬೂದರ ಮ್ಯಾಲ ಅದ..."

ನಾನು ಎದ್ದು ಮನೆಗೆ ಹೋದೆ.